ಒಂದೇ ಕಂಬಳಿಯೊಳಗೆ ಮೂರು ಕೇಸು

ಮಾನ್ಯ ಸರ್ಕಾರಿ ಅಭಿಯೋಜಕರೇ,

ನನ್ನ ಅಣ್ಣನ ಮಗ ದುರಗಪ್ಪನ ಮೇಲೆ ಮೂರು ಬೇರೆ ಬೇರೆ ಕೇಸುಗಳಿವೆ. ಊರು ಮೂರು, ದೂರು ಮೂರು, ದೂರು ಕೊಟ್ಟವರೂ ಮೂವರು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ. ತಾವು ಆ ಮೂರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಒಂದೇ ವಿಚಾರಣೆ ಮಾಡಿಸುತ್ತಿದ್ದೀರಿ. ಅಷ್ಟಕ್ಕೇ ನಿಲ್ಲದೆ, ಅವನು ಮೊದಲಿನಿಂದಲೂ ಕೆಟ್ಟವನೇ ಎಂದು ತೋರಿಸಲು ಅವನು ವರ್ಷಾ ವರ್ಷಾ ದೇವಿಯ ಮುಂದೆ ಇಡುವ ತೆಂಗಿನಕಾಯಿಯನ್ನೂ ಸಾಕ್ಷಿಯ ಕಟ್ಟೆಗೆ ಎಳೆದು ತಂದಿದ್ದೀರಿ. ನನ್ನ ತಕರಾರು ಇಷ್ಟೇ. ಆದರೆ ಇಷ್ಟನ್ನು ಹೇಳಲು ನನಗೆ ಸ್ವಲ್ಪ ಜಾಗ ಬೇಕು.

ನಡೆಯುತ್ತಿರುವ ಕೇಸಿನ ಬಗ್ಗೆ ನ್ಯಾಯಾಧೀಶರಿಗೆ ಪತ್ರ ಬರೆಯಬಾರದಂತೆ. ನಾನು ಅವರಿಗೆ ಬರೆಯುತ್ತಿಲ್ಲ. ತಾವು ಪ್ರತಿ ಸಲ ಎದ್ದು ನಿಂತಾಗ ‘ಸರ್ಕಾರದ ಪರವಾಗಿ’ ಎನ್ನುತ್ತೀರಿ. ಸರ್ಕಾರ ಎಂದರೆ ನಾವೂ ಎಂದು ಪ್ರತಿ ಎಲೆಕ್ಷನ್ನಿನಲ್ಲಿ ನಮ್ಮ ಓಣಿಗೆ ಬಂದು ಹೇಳಿ ಹೋಗುತ್ತಾರೆ. ಹಾಗಾದರೆ ನನ್ನ ಪರವಾಗಿಯೂ ತಾವೇ ನಿಂತಿದ್ದೀರಿ. ನನ್ನ ಪರವಾಗಿ ನಿಂತವರಿಗೆ ನಾನು ಎರಡು ಮಾತು ಬರೆದರೆ ಅಪರಾಧವಾಗಲಿಕ್ಕಿಲ್ಲ.

ನಾನು ಸಾಲಿ ಕಟ್ಟೆ ಹತ್ತಿದವಳಲ್ಲ. ಅಣ್ಣನ ಮಕ್ಕಳ ಪಾಟಿಯ ಮೇಲೆ ಅಕ್ಷರ ತಿದ್ದಿದವಳು. ನಮ್ಮ ಮಂದಿ ಕುರಿ ಹೊಡಕೊಂಡು ಅರ್ಧ ವರ್ಷ ದಾರಿಯ ಮೇಲೆ ಇರುತ್ತಾರೆ. ಫೋನು ಬಂದರೂ ಹೊಲದಲ್ಲಿ ಚಾರ್ಜು ಸಿಗುವುದಿಲ್ಲ. ಅದಕ್ಕೇ ಇವತ್ತಿಗೂ ನಾನು ಪತ್ರ ಬರೆದು ಗಂಗಾವತಿ ಬಸ್ಸಿನವರ ಕೈಯಲ್ಲಿ ಕೊಡುತ್ತೇನೆ, ಅವರು ಕ್ರಾಸಿನ ಚಹಾದ ಅಂಗಡಿಗೆ ಮುಟ್ಟಿಸುತ್ತಾರೆ. ಯಾರಿಗೆ ಹೆರಿಗೆಯಾಯಿತು, ಯಾರಿಗೆ ಹೆಣ್ಣು ಗೊತ್ತಾಯಿತು, ಇವೇ ಸುದ್ದಿಗಳು. ‘ಎಲ್ಲಾರೂ ಆರಾಮ ಅದೀರೇನು’ ಎಂದು ಶುರು ಮಾಡಿ, ‘ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ’ ಎಂದು ಮುಗಿಸುವುದು ನನ್ನ ರೂಢಿ. ಆ ರೂಢಿಯಂತೆ ತಮ್ಮನ್ನೂ ಕೇಳುತ್ತೇನೆ, ಆರಾಮ ಇದ್ದೀರಾ? ನಾವು ಇಲ್ಲ.

ಮೊದಲು ದಾರಿಯ ಮಾತು. ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲಾದ ಮೇಲೆ ನಮ್ಮವರು ಯಲಬುರ್ಗಾ ಕಡೆಯಿಂದ ಹೊರಡುತ್ತಾರೆ. ಕುಕನೂರು ದಾಟಿ, ಕೊಪ್ಪಳ ಹಾದು, ಹೇಮಗುಡ್ಡದ ಬುಡಕ್ಕೆ ಬಂದು, ಮುಂದೆ ಗಂಗಾವತಿಯ ಗದ್ದೆಗಳಿಗೆ ಇಳಿಯುತ್ತಾರೆ. ಅಲ್ಲಿನ ರೈತರು ತಾವೇ ಕರೆದು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ. ಮೇವು ಮುಗಿದ ಮೇಲೆ ಕನಕಗಿರಿ, ತಾವರಗೇರಾ, ಕುಷ್ಟಗಿ ಮೇಲೆ ಸುತ್ತು ಹಾಕಿ ಮನೆಗೆ. ದುರಗಪ್ಪನ ಅಪ್ಪ ನಡೆದದ್ದೂ ಇದೇ ದಾರಿ, ಅಜ್ಜ ನಡೆದದ್ದೂ ಇದೇ. ತಾವು ಈ ದಾರಿಗೆ ಕೋರ್ಟಿನಲ್ಲಿ ಹೊಸ ಹೆಸರು ಇಟ್ಟಿರಿ. ‘ಪೂರ್ವಯೋಜಿತ ಸಂಚಾರ’ ಎಂದಿರಿ. ಈ ಸಂಚಾರದಲ್ಲಿ ಎಲ್ಲಿ ಕಾಲಿಟ್ಟರೂ ಕಳವು, ಆದ್ದರಿಂದ ಮೂರೂ ಒಂದೇ ಸರಣಿಯ ಕೃತ್ಯಗಳು, ಆದ್ದರಿಂದ ಒಂದೇ ವಿಚಾರಣೆ ಎಂದಿರಿ. ಸಂಚಾರ ಪೂರ್ವಯೋಜಿತವೇ ಹೌದು ಸ್ವಾಮಿ. ಆದರೆ ಅದನ್ನು ಯೋಜಿಸಿದ್ದು ದುರಗಪ್ಪನಲ್ಲ, ಹುಲ್ಲು.

ಈಗ ಆ ಮೂರು ಕೇಸುಗಳನ್ನು ಒಂದೊಂದಾಗಿ ಬಿಚ್ಚೋಣ.

ಮೊದಲನೆಯದು ಕುಕನೂರಿನ ಹತ್ತಿರದ್ದು. ಒಬ್ಬ ವ್ಯಾಪಾರಸ್ಥರ ಮುದ್ದಿನ ಟಗರು ಕಾಣೆಯಾಯಿತು. ಅವತ್ತು ಬೆಳಿಗ್ಗೆ ಅವರ ಮನೆಯ ಮುಂದಿನ ರಸ್ತೆಯಲ್ಲಿ ದುರಗಪ್ಪನ ಹಿಂಡು ಹಾದುಹೋಗಿತ್ತು, ಇದೇ ಸಾಕ್ಷ್ಯ. ಪೊಲೀಸರು ಹಿಂಡನ್ನು ತಡೆದು ಹುಡುಕಿದರು, ಟಗರು ಇರಲಿಲ್ಲ. ಇಲ್ಲದ್ದರಿಂದ ಮಾರಿಕೊಂಡಿದ್ದಾನೆ ಎಂದು ಬರೆದುಕೊಂಡರು. ಇದ್ದಿದ್ದರೆ ಕದ್ದಿದ್ದಾನೆ ಎಂದು ಬರೆಯುತ್ತಿದ್ದರು. ದುರಗಪ್ಪ ಬಚಾವಾಗಬೇಕಾದರೆ ಆ ಟಗರು ಏನು ಮಾಡಬೇಕಿತ್ತು, ತಾವೇ ಹೇಳಿ.

ಎರಡನೆಯದು ಗಂಗಾವತಿ ಕಡೆಯದು. ಕಾಲುವೆ ದಂಡೆಯ ಒಂದು ಪಂಪಿನ ಮನೆಯ ಬೀಗ ಮುರಿದು ಮೋಟಾರು ಒಯ್ದಿದ್ದಾರೆ. ಪಂಚನಾಮೆಯಲ್ಲಿ ಹೀಗೆ ಬರೆದಿದೆ: ‘ಸ್ಥಳದ ಸುತ್ತಮುತ್ತ ಕುರಿ ಹಿಕ್ಕೆಗಳು ಕಂಡುಬಂದಿರುತ್ತವೆ.’ ಆ ಹೊಲದ ಯಜಮಾನರು ಮನೆ ತನಕ ಬಂದು ಕರೆದು ಕುರಿ ನಿಲ್ಲಿಸಿಕೊಂಡದ್ದೇ ಆ ಹಿಕ್ಕೆಗಾಗಿ! ಹಿಕ್ಕೆ ಬೀಳದಿದ್ದರೆ ಅವರು ಮೋಸವಾಯಿತೆಂದು ದೂರು ಕೊಡಬಹುದಿತ್ತು. ಬಿದ್ದದ್ದಕ್ಕೆ ಕಳ್ಳನೆಂದು ದೂರು ಬಂತು. ಮೋಟಾರು ಇವತ್ತಿನವರೆಗೂ ಸಿಕ್ಕಿಲ್ಲ. ಕುರಿಯ ಬೆನ್ನ ಮೇಲೆ ಹೇರಿಕೊಂಡು ಹೋಗಿರಬೇಕು.

ಮೂರನೆಯದು ಹಗುರವಾಗಿ ಮಾತಾಡುವಂಥದ್ದಲ್ಲ. ಕುಷ್ಟಗಿ ಕಡೆ ಒಂದು ಬೀಜದ ಗೋದಾಮಿನ ಕಾವಲುಗಾರನನ್ನು ಯಾರೋ ಬಡಿದು, ಕೈ ಮುರಿದು, ಒಳಗೆ ನುಗ್ಗಿದ್ದಾರೆ. ಆತ ಮಕ್ಕಳೊಂದಿಗ. ಕೋರ್ಟಿನಲ್ಲಿ ಆ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಕಟಕಟೆಯ ಮೇಲೆ ಇಟ್ಟುಕೊಂಡದ್ದನ್ನು ನಾನೂ ನೋಡಿದ್ದೇನೆ. ಆತ ಹೇಳಿದ್ದಾದರೂ ಪ್ರಾಮಾಣಿಕವಾಗಿಯೇ ಇತ್ತು. ‘ಮಾರಿ ಕಾಣಲಿಲ್ರಿ. ಕಂಬಳಿ ಹೊತ್ತಿದ್ದ’ ಎಂದ. ಮುಖ ಕಂಡಿಲ್ಲ, ಕಂಡದ್ದು ಕಂಬಳಿ. ಚಳಿಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕಂಬಳಿ ಹೊದೆಯದವರು ಯಾರು? ಆ ರಾತ್ರಿ ದುರಗಪ್ಪ ಇದ್ದದ್ದು ಗಂಗಾವತಿ ಕಡೆ, ವಿರುಪಣ್ಣ ಎಂಬ ರೈತರ ಹೊಲದಲ್ಲಿ. ಹಿಂಡು ಕುಷ್ಟಗಿ ಮುಟ್ಟಿದ್ದು ಎಷ್ಟೋ ದಿನಗಳ ಮೇಲೆ, ಅವನನ್ನು ಹಿಡಿದದ್ದೂ ಆಗಲೇ. ಇದಕ್ಕೆ ತಾವು ಕೊಟ್ಟ ಉತ್ತರ, ಅವನು ಕುರಿ ಬಿಟ್ಟು ಬೈಕಿನ ಮೇಲೆ ಹೋಗಿ ಬಂದ ಎಂದು. ಬೈಕು! ಸೈಕಲ್ಲಿನ ಹಿಂದೆ ಕುಳಿತರೂ ಕಣ್ಣು ಮುಚ್ಚಿಕೊಂಡು ‘ಇಳಸ್ರೋ ನನ್ನ’ ಎಂದು ಒದರುವ ಮನುಷ್ಯ ಅವನು. ಅವನ ಮದುವೆಯ ಮೆರವಣಿಗೆಯಲ್ಲಿ ಜೀಪು ತಂದರೆ ಅದರ ಮುಂದೆ ನಡೆದುಕೊಂಡೇ ಹೋದ.

ಒಂದೊಂದನ್ನೇ ಹೀಗೆ ಹಿಡಿದು ನೋಡಿದರೆ ಕೈಗೆ ಹೊಟ್ಟು ಬಿಟ್ಟು ಬೇರೆ ಹತ್ತುವುದಿಲ್ಲ. ಆದರೆ ಮೂರು ಕಣದ ಹೊಟ್ಟನ್ನು ತಂದು ಒಂದೇ ಕಣದಲ್ಲಿ ಸುರಿಯಿರಿ. ರಸ್ತೆಯಲ್ಲಿ ಹೋಗುವವರು ನೋಡಿ, ‘ಏನು ರಾಶಿ ಬಂದೈತಪಾ ಇವರಿಗೆ’ ಎನ್ನುತ್ತಾರೆ. ತಾವು ಮಾಡಿದ್ದು ಇದನ್ನೇ. ಟಗರಿನ ಕೇಸಿನಲ್ಲಿ ಏನೂ ಇಲ್ಲವೇ? ಮೋಟಾರಿನ ಕೇಸು ಇದೆಯಲ್ಲ. ಅದರಲ್ಲೂ ಏನಿಲ್ಲವೇ? ಕಾವಲುಗಾರನ ಮುರಿದ ಕೈ ನೋಡಿ. ಆ ಕೈ ಮುರಿದವನು ಇವನೇ ಎಂಬುದಕ್ಕೆ ಏನಿದೆ? ಟಗರು ಕದ್ದವನಲ್ಲವೇ! ಹೀಗೆ ಒಂದರ ಭುಜದ ಮೇಲೆ ಒಂದು ಕೈ ಹಾಕಿಕೊಂಡು ಮೂರೂ ನಿಂತಿವೆ. ಬಿಡಿಸಿದರೆ ಮೂರೂ ಬೀಳುತ್ತವೆ. ಜಾಮೀನು ಕೇಳಿದಾಗಲೂ ತಾವು ಹೇಳಿದ್ದು, ‘ಮೂರು ಕೇಸಿನ ಆಸಾಮಿ’ ಎಂದೇ. ಅವನನ್ನು ಮೂರು ಕೇಸಿನವನನ್ನಾಗಿ ಮಾಡಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಕೇಸುಗಳನ್ನು ಕೂಡಿಸುವುದೇ ತಪ್ಪು ಎಂದು ನಾನು ಹಟ ಹಿಡಿಯುವುದಿಲ್ಲ. ಒಂದೇ ರಾತ್ರಿ ಒಂದೇ ಓಣಿಯಲ್ಲಿ ಒಂದೇ ಥರ ಮೂರು ಬೀಗ ಮುರಿದಿದ್ದರೆ, ಕೂಡಿಸಿ ನೋಡಿರಿ ಎಂದು ನಾನೇ ಹೇಳುತ್ತಿದ್ದೆ. ಸಾಕ್ಷಿ ಹೇಳುವವರು ಮೂರು ಮೂರು ಸಲ ಕೂಲಿ ಬಿಟ್ಟು ಬರುವುದು ತಪ್ಪಲಿ, ಅದೂ ನ್ಯಾಯವೇ. ಆದರೆ ಒಂದು ಟಗರಿಗೂ ಒಂದು ಮೋಟಾರಿಗೂ ಒಬ್ಬನ ಮುರಿದ ಕೈಗೂ ನಂಟು ಏನು? ಬಡವನೊಬ್ಬ ಆ ದಾರಿಯಲ್ಲಿ ನಡೆದ ಎಂಬುದೇ ನಂಟಾದರೆ, ಅದೇ ದಾರಿಯಲ್ಲಿ ದಿನಾ ಓಡಾಡುವ ಬಸ್ಸಿನ ಡ್ರೈವರನ ಮೇಲೆ ಇನ್ನೂ ಯಾಕೆ ಕೇಸಾಗಿಲ್ಲ?

ಇನ್ನು ಕಾಯಿಯ ಮಾತು.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಒಂದು ಊರಿನಿಂದ ಹಟ್ಟಿ ಕಿತ್ತು ಹೊರಡುವಾಗ ಹಿಂಡಿನ ಹಿರಿಯ ಒಂದು ಕಾಯಿ ಹಿಡಿದು, ಅಲ್ಲಿನ ನಾಲ್ಕು ಮಂದಿಯ ಮುಂದೆ ನಿಂತು, ‘ನಮ್ಮ ಕಡಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ’ ಎಂದು ಕೈ ಮುಗಿಯುತ್ತಾನೆ. ಆಮೇಲೆ ಆ ಕಾಯಿಯನ್ನು ದೇವಿಯ ಮುಂದೆ ಇಡುತ್ತಾನೆ, ಗಂಗಾವತಿ ಕಡೆಯಾದರೆ ಹೇಮಗುಡ್ಡದ ದುರ್ಗಮ್ಮನ ಮುಂದೆ. ಮೂಕ ಜೀವಗಳನ್ನು ಕಟ್ಟಿಕೊಂಡವರು ನಾವು. ಯಾರದೋ ಬದುವಿನ ತೊಗರಿಗೆ ಬಾಯಿ ಹಾಕಿರುತ್ತವೆ, ಯಾರದೋ ಕಾಲುವೆ ದಂಡೆ ತುಳಿದಿರುತ್ತವೆ. ನಮಗೆ ಗೊತ್ತಾಗಿರುವುದಿಲ್ಲ. ಗೊತ್ತಿಲ್ಲದ್ದಕ್ಕೂ ಸೇರಿಸಿ ಕೇಳಿಕೊಳ್ಳುವ ಮಾತು ಅದು. ಕಾಯಿ ಇಡದೆ ಹೋದವನನ್ನು ಮುಂದಿನ ವರ್ಷ ಯಾರೂ ಹೊಲಕ್ಕೆ ಕರೆಯುವುದಿಲ್ಲ. ಕಾಯಿ ಇಟ್ಟವನು ಮಾನವಂತ ಎಂದು ಲೆಕ್ಕ.

ವಿರುಪಣ್ಣನವರು ನಮ್ಮ ಕಡೆಯ ಸಾಕ್ಷಿ. ಗುಡಿಗೆ ಬಂದ ಹಾಗೆ ಒಗೆದ ಧೋತರ ಉಟ್ಟು ಬಂದಿದ್ದರು. ನಮ್ಮ ವಕೀಲರು ಶೈಲಜಾ ಮೇಡಂ, ಉಚಿತ ಕಾನೂನು ನೆರವಿನಿಂದ ಸಿಕ್ಕವರು, ಒಂದೇ ಪ್ರಶ್ನೆ ಕೇಳಿದರು.

‘ಆ ರಾತ್ರಿ ಆರೋಪಿ ಎಲ್ಲಿದ್ದ?’

‘ನಮ್ಮ ಹೊಲದಾಗ್ರಿ. ನಮ್ಮ ಮನಿ ರೊಟ್ಟಿ ಉಂಡು ಅಲ್ಲೇ ಮಲಗಿದ್ದ. ಮುಂಜಾನೆ ನಾನೇ ಚಹಾ ಒಯ್ದು ಕೊಟ್ಟೀನಿ.’

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಮೇಡಂ ಕುಳಿತುಕೊಳ್ಳಲು ಹೊರಟಿದ್ದರು. ಆದರೆ ವಿರುಪಣ್ಣನವರ ಜೀವ ತಡೆಯಲಿಲ್ಲ. ಆರೋಪಿಯ ಕಟಕಟೆಯಲ್ಲಿ ನಿಂತ ದುರಗಪ್ಪನನ್ನು ನೋಡಿ ಅವರ ಕಣ್ಣು ತುಂಬಿ ಬಂದಿದ್ದವು.

‘ಸಾಹೇಬ್ರ, ಇಂಥಾ ಮನಿಷಾ ಸಿಗಂಗಿಲ್ರಿ. ವರ್ಷಾ ವರ್ಷಾ ಹೋಗೂ ಮುಂದ ಕಾಯಿ ಹಿಡದು, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ ಅಂತ ಕೈ ಮುಗದಾ ಹೋಗ್ತಾನ. ಒಂದು ವರ್ಷಾನೂ ತಪ್ಪಿಸಿಲ್ಲ.’

ನಮ್ಮ ಸೀಮೆಯಲ್ಲಿ ಒಬ್ಬನ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಇಲ್ಲ. ತಾವು ಎದ್ದು ನಿಂತಿರಿ. ಕನ್ನಡಕ ಸರಿ ಮಾಡಿಕೊಂಡಿರಿ.

‘ಅಂದರೆ, ಆರೋಪಿ ಪ್ರತಿ ವರ್ಷ ತನ್ನ ತಪ್ಪು ಒಪ್ಪಿಕೊಳ್ಳುತ್ತಾನೆ?’

‘ಹೂಂನ್ರಿ, ಪ್ರತಿ ವರ್ಷ’ ಎಂದರು ವಿರುಪಣ್ಣನವರು, ಇನ್ನೂ ಹೊಗಳುತ್ತಿದ್ದೇನೆ ಎಂದೇ ತಿಳಿದು.

ಹೊರಗೆ ಬೇವಿನ ಗಿಡದ ಕೆಳಗೆ ಶೈಲಜಾ ಮೇಡಂ ತಲೆಗೆ ಕೈ ಹಚ್ಚಿ ಕೂತರು. ‘ವಿರುಪಣ್ಣಾರ, ನಾ ಕೇಳಿದ್ದು ಒಂದು ರಾತ್ರಿ. ನೀವು ಅವನ ಇಡೀ ಜನ್ಮ ಹೇಳಿದ್ರಿ.’

‘ಛಲೋ ಮನಿಷಾನ್ನ ಛಲೋ ಅನಬಾರದೇನ್ರಿ ಮೇಡಂ?’

‘ಅನಬಹುದ್ರಿ. ಆದ್ರ ನಮ್ಮ ಕಡಿಂದ ಛಲೋ ಅಂದ ಕೂಡ್ಲೆ, ಅವರಿಗೆ ಅವನ ಕೆಟ್ಟದ್ದು ಹೇಳಾಕ ಹಕ್ಕು ಬರ್ತೈತಿ. ಕಾಯ್ದೆ ಹಂಗೈತಿ.’

‘ಹಂಗಾರ ನಾ ಅವಂಗ ಬೈದು ಹೋಗಿದ್ರ ಛಲೋ ಆಗ್ತಿತ್ತೇನು?’

ಇದಕ್ಕೆ ತಮ್ಮ ಬಳಿ ಉತ್ತರ ಇದ್ದರೆ ತಿಳಿಸಿ, ವಿರುಪಣ್ಣನವರು ಇವತ್ತಿಗೂ ಸಿಕ್ಕಲ್ಲಿ ನನ್ನನ್ನು ಅದನ್ನೇ ಕೇಳುತ್ತಾರೆ.

ಆರೋಪಿಯ ಹಿಂದಿನ ಕೆಟ್ಟ ನಡತೆ ಸಾಕ್ಷ್ಯವಲ್ಲ, ಅವನ ಒಳ್ಳೆಯ ನಡತೆಯ ಸಾಕ್ಷ್ಯ ಬಂದಾಗ ಮಾತ್ರ ಅದಕ್ಕೆ ಜವಾಬಾಗಿ ತರಬಹುದು. ಮೇಡಂ ಓದಿ ಹೇಳಿದ ಕಾಯ್ದೆ ಇದು. ಕಾಯ್ದೆ ಮಾಡಿದವರು ತಿಳಿದೇ ಮಾಡಿದ್ದಾರೆ. ಒಬ್ಬ ತನ್ನನ್ನು ಸಂತನೆಂದು ಹೊಗಳಿಸಿಕೊಳ್ಳುತ್ತಾ ಕೂತರೆ ಸರ್ಕಾರ ಬಾಯಿ ಹೊಲಿದುಕೊಂಡಿರಲಿ ಎಂದು ನಾನೂ ಹೇಳಲಾರೆ. ಆದರೆ ತಾವು ಜವಾಬಾಗಿ ತಂದದ್ದು ಏನು? ಕೆಲವು ವರ್ಷದ ಹಿಂದೆ ಕನಕಗಿರಿ ಹತ್ತಿರದ ಒಂದು ಕೆರೆಯಲ್ಲಿ ನೀರು ಕುಡಿಸುವಾಗ ಎರಡು ಹಿಂಡು ಬೆರೆತಿದ್ದವು. ಬೇರೆಯವರ ಒಂದು ಮರಿ ನಮ್ಮ ಹಿಂಡಿನ ಜೊತೆ ಬಂದುಬಿಟ್ಟಿತ್ತು. ಅದು ತಾಯಿಗಾಗಿ ಒದರುವುದನ್ನು ಕೇಳಿ ದುರಗಪ್ಪ ತಾನೇ ಹೆಗಲ ಮೇಲೆ ಹೊತ್ತು ಒಯ್ದು ಕೊಟ್ಟ. ಆ ಹಿಂಡಿನವನು ಬಾಯಿಗೆ ಬಂದಂತೆ ಬೈದ. ಹಿರಿಯರು, ‘ಕಾಯಿ ಇಟ್ಟು ಮುಗಿಸ್ರಪಾ’ ಎಂದರು. ದುರಗಪ್ಪ ಇಟ್ಟ, ಮುಗಿಯಿತು. ಬೈದವನನ್ನು ತಾವು ಹುಡುಕಿ ತಂದು ಸಾಕ್ಷಿ ಮಾಡಿಸಿದಿರಿ. ದಾಖಲೆಯಲ್ಲಿ ಈಗ ಹೀಗಿದೆ: ‘ಹಿಂದೆಯೂ ಪರರ ಕುರಿಮರಿ ಆರೋಪಿಯ ಹಿಂಡಿನಲ್ಲಿ ದೊರೆತಿದ್ದು, ಆರೋಪಿಯು ತಪ್ಪು ಕಾಣಿಕೆ ಸಲ್ಲಿಸಿರುತ್ತಾನೆ.’ ದೊರೆತದ್ದು ಯಾರಿಗೆ ಸ್ವಾಮಿ? ಹೊತ್ತು ಒಯ್ದು ಕೊಟ್ಟವನಿಗೆ ದೊರೆತದ್ದು!

ಎರಡೂ ಗಂಟು ಒಂದಕ್ಕೊಂದು ಹೇಗೆ ಬಿಗಿದಿವೆ ನೋಡಿ. ವಿರುಪಣ್ಣನವರು ಬಂದದ್ದು ಕಾವಲುಗಾರನ ಕೇಸಿನ ಒಂದು ರಾತ್ರಿಗಾಗಿ. ಮೂರು ಕೇಸು ಬೇರೆ ಬೇರೆ ನಡೆದಿದ್ದರೆ, ಅವರು ಎಷ್ಟೇ ಹೊಗಳಿದ್ದರೂ ಅದರ ಜವಾಬು ಆ ಒಂದು ಕೇಸಿಗೆ ಮುಗಿಯುತ್ತಿತ್ತು. ಕೂಡಿಸಿದ್ದರಿಂದ ಆ ಮರಿಯ ಕಥೆ ಈಗ ಟಗರಿನ ಕೇಸಿಗೂ ಹತ್ತಿಕೊಂಡಿದೆ, ಮೋಟಾರಿನ ಕೇಸಿಗೂ ಹತ್ತಿಕೊಂಡಿದೆ. ಸಾಕ್ಷ್ಯವಿಲ್ಲದ ಮೂರು ಕೇಸು ಕೂಡಿ ಒಂದು ಅನುಮಾನವಾಯಿತು, ಆ ಅನುಮಾನಕ್ಕೆ ಒಂದು ಕಾಯಿ ಒಡೆದು ಪೂಜೆಯೂ ಆಯಿತು.

ಹೋದ ತಿಂಗಳು ಜೈಲಿಗೆ ಹೋಗಿದ್ದೆ. ದುರಗಪ್ಪ ಇಳಿದು ಹೋಗಿದ್ದಾನೆ. ಬಯಲಲ್ಲಿ ಮಲಗಿ ರೂಢಿಯಾದವನಿಗೆ ಮಾಡಿನ ಕೆಳಗೆ ನಿದ್ದೆ ಹತ್ತುವುದಿಲ್ಲವಂತೆ. ಮೂರನ್ನೂ ಬಿಡಿಸಿ ಬೇರೆ ಬೇರೆ ವಿಚಾರಣೆ ಮಾಡಿರೆಂದು ಮೇಡಂ ಅರ್ಜಿ ಹಾಕಿದ್ದಾರೆ, ಅದನ್ನು ಹೇಳಲು ಹೋಗಿದ್ದೆ. ಅದರಲ್ಲಿ ಒಂದು ಸಂಕಟವೂ ಇತ್ತು, ಬಚ್ಚಿಡಲಿಲ್ಲ.

‘ಬ್ಯಾರೆ ಬ್ಯಾರೆ ಮಾಡಿದ್ರ ಭಾಳ ದಿನಾ ಹಿಡಿತೈತಂತಪಾ. ಅಲ್ಲೀ ತನಕಾ ಇಲ್ಲೇ ಇರಬೇಕಾದೀತು.’

ಅವನು ಸರಳು ಹಿಡಿದು ಹತ್ತಿರ ಬಂದ. ‘ಆಗ್ಲಿ ಬಿಡು ಅತ್ತಿ’ ಎಂದ. ‘ಒಂದೊಂದ ಕೇಳಿದ್ರ ಒಂದೊಂದಕ್ಕ ಉತ್ತರಾ ಹೇಳ್ತೀನಿ. ಮೂರೂ ಒಮ್ಮೆ ಕೇಳಾಕತ್ತಿದ್ರ, ನಿಂತ ನಿಂತಲ್ಲೇ ನನಗ ನನ್ನ ಮ್ಯಾಲ ಸಂಶೆ ಬರ್ತೈತಿ. ನಾನೇ ಏನರ ಮಾಡೀನೇನೋ ಅನಸ್ತೈತಿ.’

ಅಭಿಯೋಜಕರೇ, ಈ ಮಾತು ಕೇಳಿದಾಗಿನಿಂದ ನಾನು ಸರಿಯಾಗಿ ಉಂಡಿಲ್ಲ. ಮಾಡದವನಿಗೆ ಮಾಡಿದೆನೇನೋ ಎನ್ನಿಸುವಂತೆ ಕೇಳುವುದು ಯಾವ ಬಗೆಯ ವಿಚಾರಣೆ? ಅವನೇ ನಂಬತೊಡಗಿದ ಮೇಲೆ ನ್ಯಾಯಾಧೀಶರು ನಂಬಿದರೆ ಅವರದೇನು ತಪ್ಪು?

ಆ ಕಾವಲುಗಾರನನ್ನೂ ನೆನೆಯಿರಿ. ಕೋರ್ಟಿನ ಮೆಟ್ಟಿಲ ಮೇಲೆ ನಾನು ಅವನ ಪಕ್ಕ ಕೂತಿದ್ದೆ. ನಾನು ಯಾರೆಂದು ಗೊತ್ತಿದ್ದೂ ಅವನು ಎದ್ದು ಹೋಗಲಿಲ್ಲ. ‘ಯವ್ವಾ, ಇವನಾ ಹೌದೋ ಅಲ್ಲೋ ನನಗ ಖರೇನ ಗೊತ್ತಿಲ್ಲ. ಮೂರು ಕೇಸು ಅದಾವಂದ್ರ ಇವನಾ ಇರಬೇಕು ಅಂದ್ರು’ ಎಂದ. ಹಾಗೆ ಅಂದವರು ಯಾರು ಎಂದು ನಾನು ಕೇಳಲಿಲ್ಲ. ಆದರೆ ಇಷ್ಟು ಗೊತ್ತು, ಅವನ ಕೈ ಮುರಿದವನು ಇವತ್ತೂ ಹೊರಗೆ ಕಂಬಳಿ ಹೊದ್ದು ಆರಾಮ ಇದ್ದಾನೆ. ದುರಗಪ್ಪನಿಗೆ ಶಿಕ್ಷೆಯಾದ ದಿನ ಅವನನ್ನು ಹುಡುಕುವುದೂ ನಿಲ್ಲುತ್ತದೆ. ಟಗರಿನವರಿಗೆ ಟಗರು ಸಿಗುವುದಿಲ್ಲ, ಮೋಟಾರಿನವರಿಗೆ ಮೋಟಾರು ಸಿಗುವುದಿಲ್ಲ. ಮೂರು ಮನೆಗೂ ಒಬ್ಬ ದುರಗಪ್ಪನನ್ನು ಕೊಟ್ಟು ಸಮಾಧಾನ ಮಾಡಿ ಕಳಿಸುವುದಕ್ಕೆ ತಾವು ನ್ಯಾಯ ಎನ್ನುತ್ತೀರಾ?

ನಾನು ಕೇಳುವುದು ದುರಗಪ್ಪನನ್ನು ಬಿಟ್ಟುಬಿಡಿ ಎಂದಲ್ಲ. ಅತ್ತೆಯ ಮಾತು ಸಾಕ್ಷ್ಯವಲ್ಲ ಎಂಬುದು ನನಗೂ ತಿಳಿಯುತ್ತದೆ. ಮುಂದಿನ ತಾರೀಖಿಗೆ ಕೇಸು ಬಿಡಿಸುವ ಅರ್ಜಿ ತಮ್ಮ ಮುಂದೆ ಬರುತ್ತದೆ. ಅದರ ಮೇಲೆ ‘ಸರ್ಕಾರದ ತಕರಾರು ಇಲ್ಲ’ ಎಂದು ಬರೆಯಿರಿ. ಟಗರಿಗೆ ಟಗರಿನ ಸಾಕ್ಷಿ ಕರೆಸಿ, ಮೋಟಾರಿಗೆ ಮೋಟಾರಿನದು, ಮುರಿದ ಕೈಗೆ ಆ ರಾತ್ರಿಯದು. ಆ ಕಾಯಿಯನ್ನೂ ಮರಿಯನ್ನೂ ತಮ್ಮ ವಾದದಿಂದ ಕೈಬಿಡಿ. ಒಂದೊಂದಾಗಿ ಕೇಳಿ, ಒಂದರಲ್ಲಾದರೂ ಅವನ ಕೈವಾಡ ಕಂಡರೆ ಶಿಕ್ಷೆ ಕೊಡಿಸಿ. ಬುತ್ತಿ ಕಟ್ಟಿಕೊಂಡು ಜೈಲಿಗೆ ನಾನೇ ಬರುತ್ತೇನೆ, ತಮ್ಮನ್ನು ಒಂದು ಮಾತೂ ಅನ್ನುವುದಿಲ್ಲ.

ಕೊನೆಗೆ ಒಂದು ಸುದ್ದಿ. ಈ ವರ್ಷ ಹಿಂಡಿನ ಜೊತೆ ಹೋದವಳು ದುರಗಪ್ಪನ ಹೆಂಡತಿ ಗಾಳೆಮ್ಮ. ಮೊನ್ನೆ ವಿರುಪಣ್ಣನವರ ಹೊಲದಿಂದ ಹಟ್ಟಿ ಕಿತ್ತಾಗ ನಾನೂ ಅಲ್ಲಿದ್ದೆ. ನಾಲ್ಕು ಮಂದಿ ಕೂಡಿದ್ದರು. ಗಾಳೆಮ್ಮ ಸೆರಗಿನೊಳಗೆ ಕಾಯಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ‘ಅತ್ತೀ, ಕೇಳ್ಲ್ಯಾ ಬ್ಯಾಡಾ?’ ನನ್ನ ಬಾಯಿಂದ ಮಾತು ಹೊರಡುವ ಮೊದಲೇ ವಿರುಪಣ್ಣನವರು, ‘ಬ್ಯಾಡವ್ವಾ ತಂಗಿ, ಮತ್ತ ನನ್ನ ಸಾಕ್ಷಿ ಹೇಳಂದ್ರ ಏನ ಹೇಳ್ಲಿ’ ಎಂದು ಮುಖ ತಿರುಗಿಸಿದರು. ನಮ್ಮ ಮನೆತನದಲ್ಲಿ ಮೊದಲ ಸಲ, ಕಾಯಿ ಇಡದೆ, ಕೈ ಮುಗಿಯದೆ, ಕಳ್ಳರ ಹಾಗೆ ಆ ಊರು ಬಿಟ್ಟೆವು. ಆ ಕಾಯಿ ಈಗ ನಮ್ಮ ಮನೆಯ ದೇವರ ಮುಂದಿದೆ. ಅಲ್ಲಾಡಿಸಿದರೆ ಇನ್ನೂ ನೀರಿನ ಸದ್ದು ಬರುತ್ತದೆ. ಅದು ಒಣಗುವುದರೊಳಗೆ ಹೇಮಗುಡ್ಡಕ್ಕೆ ಮುಟ್ಟಿಸಬೇಕು, ದುರಗಪ್ಪನ ಕೈಯಿಂದಲೇ.

ಇಂತಿ,
ಯಾವತ್ತಿನಂತೆ ‘ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ’ ಎಂದು ಮುಗಿಸಲು ಹೋಗಿ, ಅದನ್ನು ತಾವು ಹೇಗೆ ಓದುವಿರೋ ಎಂದು ಹೆದರಿ, ಬರೆಯದೆ ಬಿಟ್ಟ

ಹನುಮಂತಮ್ಮ
ಆರೋಪಿಯ ಸೋದರತ್ತೆ
ಯಲಬುರ್ಗಾ ತಾಲೂಕು